ಹಂಪ್ ದಾಟಿದ ಮೇಲೆ ಹಿಂದೆ ‘ಟಕ್’: ಜಿಮ್ನಿಗೆ ಯಾವ ಶಾಕ್ ಹಾಕಿಸಲಿ?

ದನದ ಡಾಕ್ಟ್ರು, ಮಧುಗಿರಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಮಧುಗಿರಿಯಲ್ಲಿ ಖಾಸಗಿ ಪಶುವೈದ್ಯ. ಗಾಡಿ 2023ರ ಮಾರುತಿ ಜಿಮ್ನಿ, ಮ್ಯಾನ್ಯುಯಲ್ ಗೇರು, 38 ಸಾವಿರ ಕಿ.ಮೀ. ಓಡಿದೆ. ಇದು ಭಾನುವಾರ ತೊಳೆದು ಫೋಟೋ ತೆಗೆಯುವ ಗಾಡಿ ಅಲ್ಲ. ಬೆಳಿಗ್ಗೆ 6ಕ್ಕೆ ಹೊರಟರೆ ಮಿಡಿಗೇಶಿ, ಐ.ಡಿ. ಹಳ್ಳಿ, ಕೊಡಿಗೇನಹಳ್ಳಿ ಅಂತ ದಿನಕ್ಕೆ ನೂರು ಕಿ.ಮೀ. ಆಗಿಬಿಡುತ್ತದೆ. ಅದರಲ್ಲಿ ಮೂವತ್ತು, ನಲವತ್ತು ಕಿ.ಮೀ. ಡಾಂಬರೇ ಇಲ್ಲ. ತೋಟದ ಮನೆಗೆ ಹೋಗುವ ಬಂಡಿ ಜಾಡು, ಕೆರೆ ಏರಿ, ಜಲ್ಲಿ ಸುರಿದು ವರ್ಷವಾದರೂ ರೋಲರ್ ಮುಖ ನೋಡದ ರಸ್ತೆ. ಕರು ಅಡ್ಡ ಸಿಕ್ಕಿಕೊಂಡಿದೆ ಅಂತ ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಒಳ್ಳೇ ದಾರಿ ಯಾವುದು ಅಂತ ಹುಡುಕಿಕೊಂಡು ಕೂರಲು ಆಗುವುದಿಲ್ಲ, ಅಲ್ವಾ.

ಹಿಂದಿನ ಸೀಟು ಯಾವಾಗಲೂ ಮಡಚಿಯೇ ಇರುತ್ತದೆ. ಔಷಧಿ ಪೆಟ್ಟಿಗೆ, ಕ್ಯಾಲ್ಸಿಯಂ ಬಾಟಲಿಗಳು, ಹೆರಿಗೆ ಹಗ್ಗ, ಬಕೆಟ್ಟು, 20 ಲೀಟರ್ ನೀರು, ಜೊತೆಗೆ ದ್ರವ ಸಾರಜನಕದ ಕ್ಯಾನ್. ಒಂದು ದಿನ ಹಿಂಡಿ ಬೂಸಾ ಅಂಗಡಿಯ ತಕ್ಕಡಿಯಲ್ಲಿ ಎಲ್ಲ ಇಟ್ಟು ತೂಗಿಸಿದೆ. 110 ಕೆ.ಜಿ. ಬಂತು. ಅಂಗಡಿಯವರು ‘ಡಾಕ್ಟ್ರೇ, ಮನೆ ಖಾಲಿ ಮಾಡ್ತಿದ್ದೀರಾ’ ಅಂತ ಕೇಳಿದರು.

ಆ ಕ್ಯಾನೇ ನನ್ನ ತಲೆನೋವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ವೀರ್ಯದ ಸಣ್ಣ ಸ್ಟ್ರಾಗಳನ್ನು ಮೈನಸ್ 196 ಡಿಗ್ರಿಯಲ್ಲಿ ಇಡಬೇಕು. ಕ್ಯಾನ್ ಅಂದರೆ ದೊಡ್ಡ ಥರ್ಮಾಸ್ ಫ್ಲಾಸ್ಕ್ ಅಂದುಕೊಳ್ಳಿ. ಹೊರಗೊಂದು ಪಾತ್ರೆ, ಒಳಗೊಂದು ಪಾತ್ರೆ, ನಡುವೆ ಗಾಳಿ ತೆಗೆದ ಜಾಗ. ಒಳಗಿನ ಪಾತ್ರೆ ಹೆಚ್ಚುಕಮ್ಮಿ ಕತ್ತಿನ ಮೇಲೆಯೇ ನೇತಾಡುತ್ತಿರುತ್ತದೆ. ಗಾಡಿ ಜೋರಾಗಿ ಕುಲುಕಿದಾಗಲೆಲ್ಲ ಆ ಕತ್ತಿಗೆ ಏಟು. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಡಿಕ್ಕಿ ತೆಗೆದರೆ ಕ್ಯಾನಿನ ಮೈತುಂಬ ಬಿಳಿ ಹಿಮ. ಕತ್ತು ಬಿರುಕು ಬಿಟ್ಟು ಒಳಗೆ ಗಾಳಿ ಹೋಗಿತ್ತು. ನೂರಕ್ಕೂ ಜಾಸ್ತಿ ಸ್ಟ್ರಾ ಹಾಳಾದವು. ಅವತ್ತು ನಾನು ಊಟ ಮಾಡಲಿಲ್ಲ.

ಇನ್ನು ಗಾಡಿಯ ವಿಷಯ. ಯುಗಾದಿ ಆದಮೇಲೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಗಾಡಿ ಎತ್ತರ ಆಗಲಿ ಅಂತ ಸ್ಪ್ರಿಂಗ್ ಮೇಲೆ 40 ಎಂ.ಎಂ. ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಕಂಪನಿಯದ್ದೇ ಉಳಿಸಿದರು. ‘ಶಾಕ್ ಚೆನ್ನಾಗಿದೆ ಸರ್, ಮುಟ್ಟೋದು ಬೇಡ’ ಅಂದರು. ಅವತ್ತಿನಿಂದ ಹಂಪ್ ದಾಟಿದ ತಕ್ಷಣ ಹಿಂದುಗಡೆ ‘ಟಕ್’ ಅನ್ನುತ್ತದೆ. ಹತ್ತುವಾಗ ಅಲ್ಲ, ಇಳಿದ ಮೇಲೆ. ಹೈವೇಯಲ್ಲಿ 90 ದಾಟಿದರೆ ಸ್ಟೀರಿಂಗ್ ಹಗುರ, ಗಾಡಿ ಅತ್ತಿತ್ತ ಹುಡುಕಾಡುತ್ತದೆ. ಹಿಂದಿನ ಎಡಗಡೆ ಶಾಕ್ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದೆ. ಮತ್ತೆ ಅದೇ ಅಂಗಡಿಗೆ ಹೋದರೆ, ಪಕ್ಕದಲ್ಲಿ ಬೇರೆ ಡಬ್ಬಿ ಇರುವ ರಿಸರ್ವಾಯರ್ ಶಾಕ್ ನಾಲ್ಕು ಹಾಕಿಸಿ, 1 ಲಕ್ಷ 10 ಸಾವಿರ ಅಂದರು. ಮನೆಯಲ್ಲಿ ಈ ಮೊತ್ತ ಇನ್ನೂ ಹೇಳಿಲ್ಲ.

ಯಾವ ಥರದ ಶಾಕ್ ತಗೊಳ್ಳಲಿ? ಗಟ್ಟಿ, ಮೆದು ಮಾಡುವ ತಿರುಗಣೆ ಇರುವುದು ಬೇಕಾ? ಬೇಕಾದರೆ ಎಷ್ಟರಲ್ಲಿ ಇಡಬೇಕು? ನನಗೆ ಬೆಟ್ಟ ಹತ್ತಿಸುವ ಆಸೆ ಇಲ್ಲ. ಕ್ಯಾನ್ ಉಳಿಯಬೇಕು, ಸೊಂಟ ಉಳಿಯಬೇಕು.

ಹಳೇ ಜಿಪ್ಸಿ, ಕೋಲಾರ

ಡಾಕ್ಟ್ರೇ, ಮೊದಲು ದುಡ್ಡು ಜೇಬಲ್ಲೇ ಇಟ್ಟುಕೊಳ್ಳಿ.

ಮೂವತ್ತು ವರ್ಷ ಗ್ಯಾರೇಜ್ ನಡೆಸಿದ್ದೇನೆ. ನೂರಕ್ಕೆ ಎಂಬತ್ತು ಜನ ಮಾಡುವ ತಪ್ಪು ಒಂದೇ. ಗಾಡಿಯನ್ನು ಎತ್ತಿ ಹಿಡಿಯುವುದು ಶಾಕ್ ಅಂದುಕೊಂಡಿರುತ್ತಾರೆ. ಅಲ್ಲ. ಭಾರ ಹೊರುವುದು ಸ್ಪ್ರಿಂಗು. ಶಾಕ್ ಮಾಡುವ ಕೆಲಸ ಒಂದೇ, ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಒಳಗೆ ಎಣ್ಣೆ, ಅದರಲ್ಲಿ ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ತೂತು, ತೆಳು ಸ್ಟೀಲಿನ ಬಿಲ್ಲೆ. ನೀವು ಹಸುವಿಗೆ ದಪ್ಪ ಔಷಧಿಯನ್ನು ಸಣ್ಣ ಸೂಜಿಯಲ್ಲಿ ಕೊಡುವಾಗ ಸಿರಿಂಜ್ ಹೇಗೆ ಎದುರು ಒತ್ತುತ್ತದೆ? ಮೆಲ್ಲಗೆ ಒತ್ತಿದರೆ ಹೋಗುತ್ತದೆ, ಜೋರಾಗಿ ಒತ್ತಿದರೆ ಜಗಳ ಆಡುತ್ತದೆ. ಶಾಕ್ ಅಷ್ಟೇ. ಕುಣಿತ ಬಿಸಿಯಾಗಿ ಬದಲಾಗಿ ಗಾಳಿಗೆ ಹೋಗುತ್ತದೆ.

ನನ್ನ ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಜೋಡಿಸಿದ ಸ್ಟೀಲ್ ಪಟ್ಟಿ. ಪಟ್ಟಿಗೆ ಪಟ್ಟಿ ಉಜ್ಜಿ ಅದೇ ಒಂದಷ್ಟು ಕುಣಿತ ಕೊಲ್ಲುತ್ತದೆ. ಶಾಕ್ ಅರ್ಧ ಸತ್ತರೂ ಮನೆಗೆ ಬರಬಹುದು. ನಿಮ್ಮ ಜಿಮ್ನಿಗೆ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್ (ಎಡ ಬಲ ಚಕ್ರ ಸೇರಿಸುವ ಒಂದೇ ದಂಡ), ಆದರೆ ಸುರುಳಿಯಾದ ಕಾಯಿಲ್ ಸ್ಪ್ರಿಂಗು. ಕಾಯಿಲ್‌ಗೆ ಆ ಉಜ್ಜಾಟ ಇಲ್ಲ. ಕುಣಿತ ನಿಲ್ಲಿಸುವ ಹೊಣೆ ಪೂರ್ತಿ ಶಾಕ್ ತಲೆ ಮೇಲೆಯೇ. ಹಾಗಾಗಿ ನಿಮ್ಮ ಗಾಡಿಯಲ್ಲಿ ಶಾಕ್ ಕೆಟ್ಟರೆ ಬೇಗ ಗೊತ್ತಾಗುತ್ತದೆ.

ಈಗ ‘ಟಕ್’. ಇಳಿದ ಮೇಲೆ ಬರುತ್ತೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ಗಾಡಿ ಮೇಲಕ್ಕೆ ಹೋದಾಗ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ. ಎಲ್ಲಿವರೆಗೆ? ಶಾಕ್ ಎಳೆದುಕೊಳ್ಳುವವರೆಗೆ. ನೀವು ಗಾಡಿಯನ್ನು 40 ಎಂ.ಎಂ. ಎತ್ತಿದಿರಿ, ಶಾಕ್ ಉದ್ದ ಅಷ್ಟೇ ಉಳಿಯಿತು. ಅಂದರೆ ಗಾಡಿ ಸುಮ್ಮನೆ ನಿಂತಾಗಲೇ ಶಾಕ್ 40 ಎಂ.ಎಂ. ಎಳೆದುಕೊಂಡು ನಿಂತಿದೆ. ಇಳಿಯಲು ಉಳಿದಿದ್ದ ಜಾಗವನ್ನು ಸ್ಪೇಸರ್ ತಿಂದುಹಾಕಿತು. ಹಂಪ್ ದಾಟಿ ಚಕ್ರ ಬಿದ್ದಾಗ ಶಾಕ್ ತುದಿಗೆ ಹೋಗಿ ಏಟು ತಿನ್ನುತ್ತದೆ. ಆ ಏಟು ತಿಂದೂ ತಿಂದೂ ಸೀಲ್ ಹೋಗಿದೆ. ನಿಮ್ಮ ಕ್ಯಾನಿನ ಕತ್ತು ಮುರಿದಿದ್ದೂ ಇದೇ ಏಟಿಗೆ ಇರಬಹುದು.

ಒಂದು ಕೆಲಸ ಮಾಡಿ. ದಿನಾ ಹೊರುವ ಅಷ್ಟೂ ಸಾಮಾನು ಗಾಡಿಯಲ್ಲಿ ಇಟ್ಟು, ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ಮಧ್ಯದಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನಾಲ್ಕೂ ಕಡೆ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಹಿಂದಿನ ಚಕ್ರ ಪೂರ್ತಿ ನೇತಾಡುವ ಹಾಗೆ ಎತ್ತಿ ಮತ್ತೆ ಅಳೆಯಿರಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಎರಡು ಅಳತೆಯ ವ್ಯತ್ಯಾಸ ಇಲ್ಲಿ ಬರೆಯಿರಿ.

ಇನ್ನೊಂದು. ಶಾಕ್‌ನ ಹೊಳೆಯುವ ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ. ಸಡಿಲ ಬೇಡ, ಕೈಯಲ್ಲಿ ನೂಕಿದರೆ ಜರುಗುವಷ್ಟು ಬಿಗಿ. ಡಬ್ಬಿಯ ಅಂಚಿಗೆ ತಾಗಿಸಿ ಇಟ್ಟು ನಿಮ್ಮ ಮಾಮೂಲಿ ದಾರಿಯಲ್ಲಿ ಒಂದು ಸುತ್ತು ಹೊಡೆಯಿರಿ. ಶಾಕ್ ಎಷ್ಟು ಒಳಗೆ ಹೋಯಿತೋ ಟೈ ಅಷ್ಟು ಮೇಲೆ ಹೋಗಿ ನಿಂತಿರುತ್ತದೆ. ಎರಡು ರೂಪಾಯಿಯ ಮೀಟರ್. ರಾಡ್ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಅದನ್ನು ಸರಿಸಿ ಕಟ್ಟಬೇಕಾಗುತ್ತದೆ.

ಟೈರಲ್ಲಿ ಗಾಳಿ ಎಷ್ಟು ಹಾಕಿಸುತ್ತೀರಿ? ಅದನ್ನೂ ಹೇಳಿ.

ಥಾರ್ ಹುಡುಗ, ಚಿಕ್ಕಬಳ್ಳಾಪುರ

ಸರ್ ಇಷ್ಟೊಂದು ಲೆಕ್ಕ ಯಾಕೆ, ಸುಮ್ನೆ ರಿಸರ್ವಾಯರ್ ಹಾಕಿಸಿಬಿಡಿ. ಒಂದು ಸಲ ಖರ್ಚು, ಆಮೇಲೆ ನೆಮ್ಮದಿ. ನಾನು ನನ್ನ ಥಾರ್‌ಗೆ ಹಾಕಿಸಿ ನಾಲ್ಕೂ ಫುಲ್ ಹಾರ್ಡ್ ಮಾಡಿದ್ದೇನೆ. ಗುಡಿಬಂಡೆ ಕಡೆ ಮಣ್ಣು ರೋಡಲ್ಲಿ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತೆ, ತಿರುವಿನಲ್ಲಿ ಒಂಚೂರೂ ವಾಲಲ್ಲ. ನೋಡೋಕೂ ಸಖತ್. ಅಮ್ಮ ಮಾತ್ರ ಹತ್ತಲ್ಲ ಅಂತಾರೆ, ಅವರಿಗೆ ಮೊದಲಿನಿಂದಲೂ ಸೊಂಟ ನೋವು.

ಹಳೇ ಜಿಪ್ಸಿ, ಕೋಲಾರ

ತಮ್ಮಾ, ಅಮ್ಮ ಹತ್ತಲ್ಲ ಅಂದರಲ್ಲ, ಗಾಡಿಯ ರಿಪೋರ್ಟ್ ಅದೇ. ಬೇರೆ ಮೀಟರ್ ಬೇಕಿಲ್ಲ.

ರಿಸರ್ವಾಯರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಯಾಕೆ ಇದೆ ಅಂದರೆ, ಗಂಟೆಗಟ್ಟಲೆ ಜೋರಾಗಿ ಕಚ್ಚಾ ರಸ್ತೆಯಲ್ಲಿ ಓಡಿಸಿದಾಗ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ತೆಳ್ಳಗಾಗುತ್ತದೆ, ಗಾಳಿ ಬೆರೆತು ನೊರೆ ಬಂದರೆ ಶಾಕ್ ಇದ್ದೂ ಇಲ್ಲದ ಹಾಗೆ. ಪಕ್ಕದ ಡಬ್ಬಿಯಲ್ಲಿ ಜಾಸ್ತಿ ಎಣ್ಣೆ ಹಿಡಿಯುತ್ತದೆ, ಅನಿಲದ ಜಾಗ ಅಲ್ಲಿಗೆ ಹೋಗುವುದರಿಂದ ಅದೇ ಉದ್ದದಲ್ಲಿ ರಾಡ್‌ಗೆ ಓಡಾಡಲು ಜಾಸ್ತಿ ಜಾಗ ಸಿಗುತ್ತದೆ. ರ್‍ಯಾಲಿ ಗಾಡಿಗೆ ಅದು ಬೇಕು. ಬಂಡಿ ಜಾಡಿನಲ್ಲಿ 25, 30ರಲ್ಲಿ ಹೋಗಿ ಪ್ರತಿ ಊರಿನಲ್ಲಿ ಅರ್ಧ ಗಂಟೆ ನಿಲ್ಲುವ ಡಾಕ್ಟ್ರ ಗಾಡಿಯಲ್ಲಿ ಎಣ್ಣೆ ಯಾವಾಗ ಕಾಯಬೇಕು?

ನಮ್ಮ ಕೋಲಾರ ಮಾರ್ಕೆಟ್ಟಿಗೆ ಟೊಮೆಟೊ ತರುವ ಪಿಕಪ್ ನೋಡಿದ್ದೀಯಾ? ಕ್ರೇಟ್ ತುಂಬಿದ್ದಾಗ ತೇಲಿಕೊಂಡು ಬರುತ್ತದೆ. ಖಾಲಿ ಹೋಗುವಾಗ ಹಿಂದೆ ಕೂತವನ ಹಲ್ಲು ಉದುರುತ್ತವೆ. ಗಾಡಿ ಅದೇ, ರೋಡು ಅದೇ. ಗಟ್ಟಿ ಅನ್ನುವುದು ಭಾರಕ್ಕೆ ಹೊಂದಬೇಕು.

ಕ್ಯಾತ್ಸಂದ್ರದಿಂದ

ಡಾಕ್ಟ್ರೇ, ನನ್ನದೂ ಐದು ಬಾಗಿಲಿನ ಜಿಮ್ನಿ, ನಿಮ್ಮ ಜಿಲ್ಲೆಯೇ. ನಾನೂ ಇದೇ ಹುಡುಕಾಟ ಮಾಡಿ ಮುಗಿಸಿದವಳು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಸ್ಪೇಸರ್ ಬಿಚ್ಚಿಸಿ. ನಿಮಗೆ ಅದು ಯಾಕೆ? ಕಂಪನಿಯವರೇ 210 ಎಂ.ಎಂ. ನೆಲದಂತರ ಕೊಟ್ಟಿದ್ದಾರೆ, ಕೆರೆ ಏರಿಗೆ ಅದು ಧಾರಾಳ. ಎತ್ತರಿಸಿದಾಗ ಇನ್ನೂ ಎರಡು ತೊಂದರೆ ಬರುತ್ತವೆ. ಮುಂದಿನ ಆಕ್ಸಲ್ ಸ್ವಲ್ಪ ಮುಂದಕ್ಕೆ ಉರುಳಿಕೊಂಡು ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಹಾಗೆ ಮಾಡುವ ಓರೆ) ಕಡಿಮೆಯಾಗುತ್ತದೆ, ಅದಕ್ಕೇ ನಿಮ್ಮ ಸ್ಟೀರಿಂಗ್ ಹಗುರ ಆಗಿದ್ದು. ಅದನ್ನು ಸರಿಮಾಡಲು ಬೇರೆ ಥರದ ಬುಷ್ (ಜೋಡಣೆಯೊಳಗಿನ ರಬ್ಬರ್ ಬಳೆ) ಸಿಗುತ್ತದೆ, ಆದರೆ ರೋಗ ತಂದುಕೊಂಡು ಮಾತ್ರೆ ನುಂಗಿದ ಹಾಗೆ. ಎರಡನೆಯದು, ಆಕ್ಸಲ್ ಅನ್ನು ಅಡ್ಡಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಉದ್ದ ಬದಲಾಗದ ಕಾರಣ ಗಾಡಿ ಎತ್ತಿದಷ್ಟೂ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ನಿಂತು ನೋಡಿ, ಒಂದು ಚಕ್ರ ಸ್ವಲ್ಪ ಹೊರಗೆ ಇಣುಕುತ್ತಿರುತ್ತದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹೇಳಿತು. ದಿನಾ ರಾತ್ರಿ ಓಡಾಡುವ ಗಾಡಿ ನಿಮ್ಮದು. ವಿಮೆಯವರ ಹತ್ತಿರ ವಾದ ಮಾಡುವ ಕಾಲ ಬರುವುದು ಬೇಡ. ಮೂಲ ಎತ್ತರ, ಮೂಲ ಉದ್ದದ ಶಾಕ್, ಅಷ್ಟು ಸಾಕು.

ಇನ್ನು ಯಾವ ಥರ. ಮಾನೋಟ್ಯೂಬ್ ಅಂದರೆ ಒಂದೇ ಕೊಳವೆ. ಎಣ್ಣೆ ಒಂದು ಕಡೆ, ತೇಲುವ ಪಿಸ್ಟನ್ನಿನ ಆಚೆ ಜೋರು ಒತ್ತಡದ ನೈಟ್ರೋಜನ್. ಬಿಲ್‌ಸ್ಟೀನ್‌ನವರು 1957ರಲ್ಲಿ ಮರ್ಸಿಡಿಸ್ ಕಾರುಗಳಿಗಾಗಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಶುರುಮಾಡಿದ್ದು. ಬೇಗ ತಣ್ಣಗಾಗುತ್ತದೆ, ಕೈಗೆ ತುಂಬ ಚುರುಕು. ಆದರೆ ಆ ಹೊರಗೋಡೆಯ ಒಳಗೇ ಪಿಸ್ಟನ್ ಓಡುತ್ತದೆ. ಒಂದು ಕಲ್ಲು ಸಿಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ. ಹೊರಗಿನದು ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ಬಿಸಿ ಬಿಡುವುದು ನಿಧಾನ. ಇದರಲ್ಲೇ ಫೋಮ್ ಸೆಲ್ ಅಂತ ಬರುತ್ತದೆ, ಅನಿಲ ಇರುವ ಜಾಗದಲ್ಲಿ ಸ್ಪಂಜಿನಂಥ ಫೋಮ್ ಇಟ್ಟಿರುತ್ತಾರೆ, ಎಣ್ಣೆಗೆ ಬೆರೆಯಲು ಗಾಳಿಯೇ ಇರುವುದಿಲ್ಲ, ನೊರೆಯ ಕಾಟ ತಪ್ಪುತ್ತದೆ. ಟಫ್ ಡಾಗ್, ಐರನ್‌ಮ್ಯಾನ್ ಕಂಪನಿಯವರೆಲ್ಲ ಮಾಡುವುದು ಈ ಥರ. ಓಲ್ಡ್ ಮ್ಯಾನ್ ಇಮು ನೈಟ್ರೋಚಾರ್ಜರ್ ಅಂದರೆ ಟ್ವಿನ್‌ಟ್ಯೂಬ್‌ಗೆ ಕಡಿಮೆ ಒತ್ತಡದ ನೈಟ್ರೋಜನ್. ನಿಮ್ಮ ಜಲ್ಲಿ ರಸ್ತೆಗೆ, ನಿಮ್ಮ ವೇಗಕ್ಕೆ ನನ್ನ ಓಟು ಟ್ವಿನ್‌ಟ್ಯೂಬ್‌ಗೆ. ತಿರುಗಣೆ ಇದ್ದರೆ ಒಳ್ಳೆಯದು, ಯಾಕೆಂದರೆ ನಿಮಗೆ ಹಿಂದೆ ಭಾರ ಇದೆ, ಮುಂದೆ ಇಲ್ಲ. ಕೊಳ್ಳುವಾಗ ಒಂದು ಕೇಳಿ: ತಿರುಗಿಸಿದರೆ ಏನು ಬದಲಾಗುತ್ತದೆ, ಒಳಗೆ ಹೋಗುವ ಬಿಗಿಯಾ, ವಾಪಸ್ ಬರುವ ಬಿಗಿಯಾ, ಎರಡೂನಾ? ಅಂಗಡಿಯವರು ತಡವರಿಸಿದರೆ ಬೇರೆ ಅಂಗಡಿ ನೋಡಿ.

ಕೊನೆಗೆ ಕಾಸಿಲ್ಲದ ಉಪಾಯ. ನಿಮ್ಮ ಕ್ಯಾನ್, ನೀರು, ಬಾಟಲಿ ಎಲ್ಲ ಹಿಂಬಾಗಿಲಿಗೆ ಒರಗಿಕೊಂಡಿವೆ ಅಂತ ನನ್ನ ಊಹೆ. ಆಕ್ಸಲ್‌ನಿಂದ ಹಿಂದೆ ಇರುವ ಭಾರ ಏತದ ಹಾಗೆ ಹಿಂದೆ ಒತ್ತಿ ಮುಂದೆ ಎತ್ತುತ್ತದೆ. ಸೀಟು ಮಡಚಿಯೇ ಇದೆ ಅಂದಿರಿ, ಎಲ್ಲವನ್ನೂ ಡ್ರೈವರ್ ಸೀಟಿನ ಬೆನ್ನಿಗೆ ತಂದು ಬಿಗಿಯಾಗಿ ಕಟ್ಟಿ. ಬಸ್ಸಿನಲ್ಲಿ ಕೊನೇ ಸೀಟು ಯಾರಿಗೆ ಬೇಕು, ಕ್ಯಾನಿಗೂ ಬೇಡ. ಗಾಡಿ ತೂಕ ಸುಮಾರು 1200 ಕೆ.ಜಿ., ಎಲ್ಲ ಸೇರಿ ಮಿತಿ 1545. ನಿಮ್ಮ 110 ಜೊತೆಗೆ ಇಬ್ಬರು ಕೂತರೂ ಮಿತಿಯೊಳಗೇ ಇದ್ದೀರಿ. ಬೇರೆ ಸ್ಪ್ರಿಂಗಿನ ಗೋಜು ಸದ್ಯಕ್ಕೆ ಬೇಡ. ಮತ್ತೆ ಆ ನೈಟ್ರೋಜನ್ ಆವಿಗೆ ಕಿಟಕಿ ಒಂದಿಷ್ಟು ತೆಗೆದಿಡುತ್ತೀರಿ ಅಲ್ವಾ?

ದನದ ಡಾಕ್ಟ್ರು, ಮಧುಗಿರಿ

ಕಿಟಕಿ ಮಳೆಯಲ್ಲೂ ಎರಡು ಬೆರಳು ತೆಗೆದೇ ಇರುತ್ತದೆ ಮೇಡಂ. ಮುಚ್ಚಿದ ಜಾಗದಲ್ಲಿ ಅದು ಉಸಿರು ಕಟ್ಟಿಸುತ್ತದೆ, ಓದುವಾಗಲೇ ಹೆದರಿಸಿಬಿಟ್ಟಿದ್ದರು. ಸಾಮಾನು ಹಿಂಬಾಗಿಲಿಗೆ ಒರಗಿದೆ ಅನ್ನುವುದು ನೂರಕ್ಕೆ ನೂರು ನಿಜ. ತೆಗೆಯಲು ಸುಲಭ ಅಂತ.

ಅಳೆದೆ. ಹಿಂದೆ ಖಾಲಿಗೂ ಲೋಡಿಗೂ 28 ಎಂ.ಎಂ. ವ್ಯತ್ಯಾಸ. ಲೋಡಿನಲ್ಲಿ ನಿಂತಿರುವಾಗಿನಿಂದ ಚಕ್ರ ಪೂರ್ತಿ ನೇತಾಡುವವರೆಗೆ ಬರೀ 45 ಎಂ.ಎಂ. ಅಣ್ಣ ಹೇಳಿದ್ದು ಸರಿ, ಇಳಿಯಲು ಜಾಗವೇ ಇಲ್ಲ. ಕೇಬಲ್ ಟೈ ಎಡಗಡೆ ಬಲಗಡೆಗಿಂತ ಎರಡು ಬೆರಳು ಜಾಸ್ತಿ ಮೇಲೆ ಹೋಗಿತ್ತು, ಸೋರುತ್ತಿರುವುದೂ ಅದೇ ಕಡೆ. ಗಾಳಿ 36 ಹಾಕಿಸುತ್ತಿದ್ದೆ, ನಾಲ್ಕಕ್ಕೂ. ಮೈಲೇಜ್‌ಗೆ ಒಳ್ಳೇದು ಅಂತ ಪಂಕ್ಚರ್ ಅಂಗಡಿಯ ಹುಡುಗ ಹೇಳಿದ್ದ.

ಹಳೇ ಜಿಪ್ಸಿ, ಕೋಲಾರ

36! ನಾಲ್ಕು ಕಲ್ಲುಗುಂಡು ಕಟ್ಟಿಕೊಂಡು ಓಡಾಡುತ್ತಿದ್ದಿರಿ. ಡ್ರೈವರ್ ಬಾಗಿಲಿನ ಹತ್ತಿರ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಇರುವಷ್ಟೇ ಹಾಕಿಸಿ. ಮೊದಲ ಶಾಕ್ ಅಂದರೆ ಟೈರಿನ ಗಾಳಿಯೇ. ಅದು ತಪ್ಪಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ಸುಳ್ಳು.

ಹೊಸ ಶಾಕ್ ಹಾಕಿದ ಮೇಲೆ ಹೊಂದಿಸುವುದು ಹೇಗೆ ಅಂತ ಈಗಲೇ ಹೇಳಿಬಿಡುತ್ತೇನೆ. ಒಂದೂವರೆ, ಎರಡು ಕಿ.ಮೀ. ರಸ್ತೆ ಆರಿಸಿಕೊಳ್ಳಿ. ಅದರಲ್ಲಿ ಒಂದು ಹಂಪ್ ಇರಲಿ, ಒಂದಷ್ಟು ಗುಂಡಿ ಇರಲಿ, ತಗಡಿನ ಶೀಟಿನ ಹಾಗೆ ಅಲೆ ಎದ್ದ ಮಣ್ಣು ರೋಡು ಇರಲೇಬೇಕು. ಪ್ರತಿ ಸಲ ಅದೇ ರಸ್ತೆ, ಅದೇ ವೇಗ, ಅದೇ ಸಾಮಾನು. ಮೆದುವಿನಿಂದ ಶುರುಮಾಡಿ. ಒಂದು ಸಲಕ್ಕೆ ಒಂದೇ ಕಡೆ ಬದಲಾಯಿಸಿ, ಹಿಂದಿನ ಜೋಡಿ ಅಥವಾ ಮುಂದಿನ ಜೋಡಿ. ಎಡ ಬಲ ಯಾವತ್ತೂ ಒಂದೇ. ಪುಸ್ತಕದಲ್ಲಿ ಬರೆದುಕೊಳ್ಳಿ, ನೆನಪು ನಂಬಬೇಡಿ.

ಹಂಪ್ ಇಳಿದ ಮೇಲೆ ಹಿಂದೆ ಎಷ್ಟು ಸಲ ಕುಣಿಯುತ್ತದೆ ಎಣಿಸಿ. ಒಂದು ಸಲ ಎದ್ದು ಕೂತರೆ ಸರಿ. ಎರಡು, ಮೂರು ಸಲ ಆದರೆ ತಿರುಗಣೆಯನ್ನು ಒಂದು ಕ್ಲಿಕ್ ಬಿಗಿ ಮಾಡಿ. ಅಷ್ಟು ಸುಲಭ. ಮೋಸ ಇರುವುದು ಅಲೆ ರೋಡಿನಲ್ಲಿ. ಬಿಗಿ ಜಾಸ್ತಿಯಾದರೆ ಚಕ್ರ ಒಂದು ಅಲೆ ಹತ್ತಿ ಒಳಗೆ ಹೋಗುತ್ತದೆ, ವಾಪಸ್ ಕೆಳಗೆ ಬರುವಷ್ಟರಲ್ಲಿ ಎರಡನೇ ಅಲೆ ಬಂದಿರುತ್ತದೆ. ಹತ್ತು ಅಲೆ ಆಗುವಷ್ಟರಲ್ಲಿ ಗಾಡಿ ಕುಸಿದು ಬಂಪ್ ಸ್ಟಾಪ್ ರಬ್ಬರ್ ಹತ್ತಿರ ಹೋಗಿ ಕೂತಿರುತ್ತದೆ. ಓಡಿಸುವವನಿಗೆ ಏನನ್ನಿಸುತ್ತದೆ? ‘ಇನ್ನೂ ಏಟು ಬೀಳ್ತಿದೆ, ಇನ್ನೂ ಗಟ್ಟಿ ಮಾಡೋಣ’ ಅಂತ. ಉಲ್ಟಾ. ಶುರುವಿನಲ್ಲಿ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಏಟು ಜಾಸ್ತಿಯಾದರೆ ಬಿಗಿ ಇಳಿಸಬೇಕು.

ಹತ್ತು ಕಿ.ಮೀ. ಕಚ್ಚಾ ರೋಡಾದ ಮೇಲೆ ಇಳಿದು ನಾಲ್ಕೂ ಶಾಕ್ ಹುಷಾರಾಗಿ ಮುಟ್ಟಿ ನೋಡಿ. ಬಿಸಿ ಇದ್ದರೆ ಕೆಲಸ ಮಾಡುತ್ತಿದೆ ಅಂತ. ಜೋಡಿಯಲ್ಲಿ ಒಂದು ತಣ್ಣಗಿದ್ದರೆ ಅದು ಸಂಬಳ ತಗೊಂಡು ಮಲಗಿದೆ.

ದನದ ಡಾಕ್ಟ್ರು, ಮಧುಗಿರಿ

ಏಳು ವಾರ ಆಯಿತು, ವರದಿ ಕೊಡುತ್ತೇನೆ.

ಸ್ಪೇಸರ್ ಬಿಚ್ಚಿಸಿದೆ. ಅದಕ್ಕೆ ಕೊಟ್ಟ ದುಡ್ಡು ಕೆರೆಗೆ ಹಾಕಿದ ಹಾಗೆ. ಮೂಲ ಉದ್ದದ ಟ್ವಿನ್‌ಟ್ಯೂಬ್, 8 ಕ್ಲಿಕ್‌ನದು, ನಾಲ್ಕಕ್ಕೆ 54 ಸಾವಿರ ಆಯಿತು. ಈಗ ಹಿಂದೆ ಇಳಿಯಲು 85 ಎಂ.ಎಂ. ಜಾಗ ಇದೆ. ‘ಟಕ್’ ಅವತ್ತೇ ನಿಂತಿತು.

ಆದರೆ ಹಾಕಿದವರು ನಾಲ್ಕನ್ನೂ 7ರಲ್ಲಿ ಇಟ್ಟು ಕಳಿಸಿದ್ದರು. ನನಗೂ ಒಳಗೊಳಗೆ ಖುಷಿ, ದುಡ್ಡು ಕೊಟ್ಟಿದ್ದೇನೆ, ಗಟ್ಟಿ ಇರಲಿ ಅಂತ. ತುಮಕೂರಿನಿಂದ ಕೊರಟಗೆರೆವರೆಗೆ ಡಾಂಬರಿನಲ್ಲಿ ರಾಜನ ಹಾಗೆ ಬಂದೆ. ಮಾರನೇ ದಿನ ಪುರವರ ಕಡೆ ಒಂದು ಮಣ್ಣು ರೋಡಿಗೆ ಇಳಿಸಿದೆ. ಮೊದಲ ನೂರು ಮೀಟರ್ ಸರಿ. ಆಮೇಲೆ ಡ್ಯಾಶ್‌ಬೋರ್ಡೇ ಕಿತ್ತು ಬರುತ್ತದೆ ಅನ್ನಿಸಿತು. ಕೇಬಲ್ ಟೈ ನೋಡಿದರೆ ತುದಿಗೆ ಹೋಗಿ ಕೂತಿದೆ. ಅಣ್ಣ ಬರೆದಿದ್ದು ಅಕ್ಷರ ಅಕ್ಷರ ನಿಜ. ಬರೆದಿದ್ದು ಓದಿಯೂ ಬಿದ್ದೆ.

ಹಾಗಾಗಿ ಒಂದು ಭಾನುವಾರ ಅದೇ ರೋಡಿನಲ್ಲಿ ಕೂತೆ. ನಾಲ್ಕೂ 2ಕ್ಕೆ ಇಳಿಸಿ, 30ರ ವೇಗದಲ್ಲಿ ಹೋಗುವುದು, ಬರುವುದು, ಗಾಡಿ ಕೆಳಗೆ ಬಗ್ಗಿ ತಿರುಗಿಸುವುದು, ಟೈ ಕೆಳಗೆ ನೂಕುವುದು, ಪುಸ್ತಕದಲ್ಲಿ ಬರೆಯುವುದು. 2ರಲ್ಲಿ ಹಂಪ್ ಆದಮೇಲೆ ಹಿಂದೆ ಮೂರು ಸಲ ಕುಣಿಯಿತು. 3ರಲ್ಲಿ ಎರಡು. 4ರಲ್ಲಿ ಒಂದೇ ಸಲ ಎದ್ದು ಕೂತಿತು, ಅಲೆ ರೋಡಿನ ಕೊನೆಯವರೆಗೂ ಅದೇ ಮೆತ್ತಗೆ. 5 ಮಾಡಿ ನೋಡಿದೆ, ಅರ್ಧದ ಮೇಲೆ ಮತ್ತೆ ಏಟು. ವಾಪಸ್ 4. ಮುಂದೆ 3ರಲ್ಲಿ ಬಿಟ್ಟಿದ್ದೇನೆ, ಬ್ರೇಕ್ ಹಾಕಿದಾಗ ಮೂತಿ ಸ್ವಲ್ಪ ಬಗ್ಗುತ್ತದೆ, ನನಗೆ ಪರವಾಗಿಲ್ಲ. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ತುಂಬ ಹೊತ್ತು ನೋಡಿ, ‘ಡಾಕ್ಟ್ರೇ, ಗಾಡೀಗೂ ಗಬ್ಬ ನೋಡ್ತೀರಾ’ ಅಂದ. ಏಳನೇ ಸಲ ಕೆಳಗೆ ನುಗ್ಗುವಾಗ ಕೇಳಿದ್ದು ಅದು. ನಗು ತಡೆಯಲಾಗದೆ ತಲೆ ಬಂಪರ್‌ಗೆ ತಾಗಿತು.

ಕ್ಯಾನ್ ಈಗ ನನ್ನ ಸೀಟಿನ ಬೆನ್ನಿಗಿದೆ, ಕೆಳಗೆ ಹಳೇ ಸ್ಕೂಟರ್ ಟೈರು, ಸುತ್ತ ಎರಡು ಪಟ್ಟಿ. ಸಾರಜನಕ ಎಷ್ಟಿದೆ ಅಂತ ಕೋಲು ಅದ್ದಿ ನೋಡುತ್ತೇವೆ, ಹೊರಗೆ ತೆಗೆದು ಆಡಿಸಿದರೆ ಕೋಲಿನ ಮೇಲೆ ಹಿಮದ ಗೆರೆ ಮೂಡುತ್ತದೆ, ಅಷ್ಟು ಮಟ್ಟ. ಮೊದಲು ಓಡಾಡಿದ ವಾರ ಆ ಗೆರೆ ಮನೆಯಲ್ಲಿ ಇಟ್ಟ ವಾರಕ್ಕಿಂತ ನಾಲ್ಕು ಬೆರಳು ಕೆಳಗಿರುತ್ತಿತ್ತು. ಈಗ ಒಂದು ಬೆರಳು.

ಸ್ಟೀರಿಂಗ್ ಸರಿಹೋಗಿದೆ. ಗಾಳಿ ಚೀಟಿಯಲ್ಲಿ ಇದ್ದಷ್ಟೇ. ಮನೆಯಲ್ಲಿ 54 ಸಾವಿರದ ವಿಷಯ ಹೇಳಿದೆ, 1 ಲಕ್ಷ 10 ಸಾವಿರದಲ್ಲಿ ಅರ್ಧ ಉಳಿಸಿದೆ ಅಂತ ಮೊದಲು ಹೇಳಿ ಆಮೇಲೆ ಅದನ್ನು ಹೇಳಿದೆ.

ಒಂದೇ ಒಂದು ಉಳಿದಿದೆ. ಮುಂದಿನ ಎಡಗಡೆ ಶಾಕ್ ಬುಷ್ ನಿಧಾನವಾಗಿ ಹೋಗುವಾಗ ‘ಕೀಂಯ್’ ಅನ್ನುತ್ತದೆ. ಗ್ರೀಸ್ ಹಾಕಲಾ?

ಹಳೇ ಜಿಪ್ಸಿ, ಕೋಲಾರ

ರಬ್ಬರ್‌ಗೆ ಗ್ರೀಸ್ ಬೇಡ, ಉಬ್ಬಿ ಹಾಳಾಗುತ್ತದೆ. ಗಾಡಿ ಜಾಕ್ ಮೇಲೆ ಇರುವಾಗಲೇ ಬೋಲ್ಟ್ ಬಿಗಿ ಮಾಡಿರುತ್ತಾರೆ, ಅದಕ್ಕೆ ಬುಷ್ ತಿರುಚಿಕೊಂಡು ಕೂತಿದೆ. ಬೋಲ್ಟ್ ಸಡಿಲಿಸಿ, ಗಾಡಿ ನೆಲಕ್ಕೆ ಇಳಿಸಿ, ಸಾಮಾನು ಒಳಗಿಟ್ಟು ನಾಲ್ಕು ಸಲ ಕುಲುಕಿ, ನಾಲ್ಕು ಚಕ್ರದ ಮೇಲೆ ನಿಂತಿರುವಾಗಲೇ ಮತ್ತೆ ಬಿಗಿ ಮಾಡಿಸಿ. ಆಮೇಲೂ ಕೂಗಿದರೆ ಹೇಳಿ.